ಚೀನಾದಲ್ಲಿ ಕೆಲವು ವಾರ, ಕೆಲವು ತಿಂಗಳಿಗೆ ಮನೆ: ಯಾವುದು ಯಾರಿಗೆ ಸರಿ?

2025ರ ಅಕ್ಟೋಬರ್ ಕೊನೆಯಲ್ಲಿ ಭಾರತ ಮತ್ತು ಚೀನಾ ನಡುವೆ ನೇರ ವಿಮಾನ ಮತ್ತೆ ಶುರುವಾಯಿತು. ಮೊದಲು ಕೋಲ್ಕತ್ತಾದಿಂದ ಗುವಾಂಗ್‌ಝೌಗೆ, ಆಮೇಲೆ ದೆಹಲಿಯಿಂದಲೂ. ಈಗ ಹೊರಡುತ್ತಿರುವವರಲ್ಲಿ ಎಲ್ಲಾ ತರಹದವರೂ ಇದ್ದಾರೆ. ಗುವಾಂಗ್‌ಝೌದ ಕ್ಯಾಂಟನ್ ವ್ಯಾಪಾರ ಮೇಳಕ್ಕೆ ಹೋಗುವ ವ್ಯಾಪಾರಿಗಳು, ಶೆನ್‌ಝೆನ್‌ಗೆ ಕಂಪನಿ ಕಳಿಸುವ ಬೆಂಗಳೂರಿನ ಎಂಜಿನಿಯರ್‌ಗಳು, ಭಾಷೆ ಕಲಿಯಲು ಒಂದು ಸೆಮಿಸ್ಟರ್ ಹೋಗುವವರು, ಅಲ್ಲಿ ಎಂಬಿಬಿಎಸ್ ಓದುತ್ತಿರುವ ಮಕ್ಕಳನ್ನು ನೋಡಿ ಬರುವ ಅಪ್ಪ ಅಮ್ಮ. ಎರಡು ವಾರಕ್ಕಿಂತ ಜಾಸ್ತಿ ಉಳಿಯುವವರಿಗೆಲ್ಲ ಒಂದೇ ಯೋಚನೆ: ಹೋಟೆಲ್ ಊಟ ಸಾಕಾಗುತ್ತದೆ, ಖರ್ಚೂ ಜಾಸ್ತಿ, ಒಂದು ಚಿಕ್ಕ ಮನೆ ಸಿಗಬಹುದಾ?

ಸಿಗುತ್ತದೆ. ಆದರೆ ನಮ್ಮೂರಲ್ಲಿ ಮನೆ ಹುಡುಕುವ ಕ್ರಮದಲ್ಲೇ ಅಲ್ಲಿ ಹುಡುಕಲು ಹೋದರೆ ಕಷ್ಟವಾಗುತ್ತದೆ. ಇಲ್ಲಿ ನಾವು ಮೊದಲು ಏರಿಯಾ ನೋಡುತ್ತೇವೆ, ಆಮೇಲೆ ಬಾಡಿಗೆ, ಆಮೇಲೆ ನೀರು. ಅಲ್ಲಿ ವಿದೇಶಿಯರು ಮೊದಲು ಕೇಳಬೇಕಾದ್ದು ಬೇರೆ: ಈ ವಿಳಾಸದಲ್ಲಿ ನಾನಿದ್ದೇನೆ ಅಂತ ಪೊಲೀಸರಲ್ಲಿ ದಾಖಲಿಸುವವರು ಯಾರು? ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡದ ಮನೆ ಎಷ್ಟು ಚೆನ್ನಾಗಿದ್ದರೂ, ಎಷ್ಟು ಅಗ್ಗವಾಗಿದ್ದರೂ ಬಿಟ್ಟುಬಿಡಿ. ಮುಂದಿನ ಹೋಲಿಕೆಯನ್ನೆಲ್ಲ ನಾನು ಈ ಒಂದು ಪ್ರಶ್ನೆಯ ಸುತ್ತಲೇ ಮಾಡುತ್ತೇನೆ.

24 ಗಂಟೆಯ ನಿಯಮ

ವಿದೇಶಿಯರ ಬಂದುಹೋಗುವಿಕೆಗೆ ಸಂಬಂಧಿಸಿದ ಚೀನಾದ ಈಗಿನ ಕಾನೂನು 2013ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 39ನೇ ಕಲಮಿನ ಪ್ರಕಾರ ನೀವು ಹೋಟೆಲ್‌ನಲ್ಲಿ ಉಳಿದರೆ ನಿಮ್ಮ ವಿವರ ದಾಖಲಿಸುವುದು ಹೋಟೆಲಿನ ಕೆಲಸ. ಹೋಟೆಲ್ ಬಿಟ್ಟು ಬೇರೆ ಎಲ್ಲಿ ಉಳಿದರೂ, ಅಲ್ಲಿಗೆ ಬಂದ 24 ಗಂಟೆಯೊಳಗೆ ನೀವಾಗಲಿ ನಿಮ್ಮನ್ನು ಉಳಿಸಿಕೊಂಡವರಾಗಲಿ ಪೊಲೀಸರಲ್ಲಿ ನೋಂದಣಿ ಮಾಡಿಸಬೇಕು. ಮಾಡಿಸದಿದ್ದರೆ ಎಚ್ಚರಿಕೆ ಕೊಡುತ್ತಾರೆ, 2,000 ಯುವಾನ್‌ವರೆಗೆ ದಂಡವನ್ನೂ ಹಾಕಬಹುದು. ಬಾಡಿಗೆ ಕೊಡದೆ ಸ್ನೇಹಿತರ ಮನೆಯಲ್ಲಿ ಮಲಗಿದರೂ ಇದೇ ನಿಯಮ. ಮಗಳು ಬಾಡಿಗೆಗೆ ಹಿಡಿದ ಮನೆಗೆ ಅಪ್ಪ ಅಮ್ಮ ಹೋಗಿ ಉಳಿದರೂ ಅಷ್ಟೇ.

ಠಾಣೆಯ ಕೆಲಸ ಕೇಳಿದಷ್ಟು ಭಯ ಹುಟ್ಟಿಸುವಂಥದ್ದಲ್ಲ. ಪ್ರತಿ ಬಡಾವಣೆಗೂ ಒಂದು ಚಿಕ್ಕ ಠಾಣೆ ಇರುತ್ತದೆ. ಪಾಯ್‌ಚುಸ್ವೋ ಅಂತ ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಪಾಸ್‌ಪೋರ್ಟ್, ವೀಸಾ ಇರುವ ಪುಟ, ಕೊನೆಯ ಸಲ ದೇಶದೊಳಗೆ ಬಂದಾಗ ಹಾಕಿದ ಮೊಹರು, ಬಾಡಿಗೆ ಕರಾರು, ಓನರ್‌ನ ಗುರುತಿನ ಚೀಟಿಯ ಪ್ರತಿ, ಮನೆಯ ಹಕ್ಕುಪತ್ರದ ಪ್ರತಿ ಇಷ್ಟು ಕೈಯಲ್ಲಿರಲಿ. ಕೆಲವು ಠಾಣೆಗಳಲ್ಲಿ ಓನರ್ ಖುದ್ದಾಗಿ ಬರಬೇಕು ಅನ್ನುತ್ತಾರೆ, ಚಿಕ್ಕ ಊರುಗಳಲ್ಲಿ ಇದು ಹೆಚ್ಚು. ಶಾಂಘೈಯಂಥ ಕಡೆ ಮೊಬೈಲ್‌ನಲ್ಲೇ ಮಾಡಿಕೊಳ್ಳುವ ವ್ಯವಸ್ಥೆ ಬಂದಿದೆ. ಎಲ್ಲಾ ಆದ ಮೇಲೆ ಒಂದು ಹಾಳೆಯ ನೋಂದಣಿ ಚೀಟಿ ಕೊಡುತ್ತಾರೆ. ಅದನ್ನು ಕೌಂಟರ್ ಬಿಡುವ ಮೊದಲೇ ಓದಿ. ನಮ್ಮವರ ಪಾಸ್‌ಪೋರ್ಟ್‌ಗಳಲ್ಲಿ ಎಷ್ಟೋ ಸಲ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಅಪ್ಪನ ಹೆಸರೋ ಊರಿನ ಹೆಸರೋ ಅಲ್ಲಿ ಕೂತಿರುತ್ತದೆ. ಟೈಪ್ ಮಾಡುವವರಿಗೆ ಇದು ಗೊಂದಲ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಇದೆಯಾ, ನಂಬರ್ ಸರಿ ಇದೆಯಾ, ವೀಸಾ ಮುಗಿಯುವ ತಾರೀಖು ಸರಿ ಇದೆಯಾ ಅಂತ ಬೆರಳಿಟ್ಟು ನೋಡಿ. ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ.

ಈ ಚೀಟಿ ಮುಂದೆಯೂ ಬೇಕಾಗುತ್ತದೆ. ವೀಸಾ ಅವಧಿ ವಿಸ್ತರಿಸಲು ಹೋದರೆ ಕೇಳುತ್ತಾರೆ. ಉದ್ಯೋಗದ ಝಡ್ ವೀಸಾ ಅಥವಾ ದೀರ್ಘಾವಧಿ ಓದಿನ ಎಕ್ಸ್1 ವೀಸಾದಲ್ಲಿ ಬಂದವರು 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಆಗಲೂ ಕೇಳುತ್ತಾರೆ. ಮನೆ ಬದಲಿಸಿದರೆ ಹೊಸದಾಗಿ ಮಾಡಿಸಬೇಕು. ಶೆನ್‌ಝೆನ್‌ನಲ್ಲಿದ್ದುಕೊಂಡು ವಾರಾಂತ್ಯಕ್ಕೆ ಹಾಂಗ್‌ಕಾಂಗ್‌ಗೆ ಹೋಗಿ ಬಂದರೂ ಲೆಕ್ಕದಲ್ಲಿ ಅದು ಹೊಸ ಪ್ರವೇಶ. ಮತ್ತೆ ನೋಂದಣಿ ಬೇಕಾ ಅಂತ ನಿಮ್ಮ ಠಾಣೆಯಲ್ಲೇ ಮೊದಲೇ ಕೇಳಿಟ್ಟುಕೊಳ್ಳಿ.

ಹೋಟೆಲ್ ಮತ್ತು ಅಪಾರ್ಟ್‌ಮೆಂಟ್ ಹೋಟೆಲ್

ಎರಡು ವಾರದೊಳಗಿನ ಕೆಲಸವಾದರೆ ಮನೆಯ ಯೋಚನೆಯನ್ನೇ ಬಿಡಿ. ರಿಸೆಪ್ಷನ್‌ನಲ್ಲಿ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿದರೆ ನೋಂದಣಿ ಮುಗಿಯಿತು. ಪ್ರವಾಸಿ ವೀಸಾ ಅರ್ಜಿಯ ಜೊತೆ ಹೋಟೆಲ್ ಬುಕಿಂಗ್ ಕೇಳುವುದರಿಂದ ಹೇಗೂ ಮೊದಲ ಕೆಲವು ದಿನಕ್ಕೆ ಹೋಟೆಲ್ ಬೇಕೇ ಬೇಕು.

ಹಿಂದೆ ಎಷ್ಟೋ ಹೋಟೆಲ್‌ಗಳು ನಮ್ಮಲ್ಲಿ ವಿದೇಶಿಯರಿಗೆ ಅವಕಾಶವಿಲ್ಲ ಅಂತ ವಾಪಸ್ ಕಳಿಸುತ್ತಿದ್ದವು. 2024ರಲ್ಲಿ ಚೀನಾ ಸರ್ಕಾರವೇ, ವಿದೇಶಿಯರನ್ನು ಉಳಿಸಿಕೊಳ್ಳಲು ಪ್ರತ್ಯೇಕ ಅರ್ಹತೆ ಬೇಕಿಲ್ಲ, ಆ ಕಾರಣ ಹೇಳಿ ಯಾರನ್ನೂ ನಿರಾಕರಿಸಬಾರದು ಅಂತ ಸ್ಪಷ್ಟ ಮಾಡಿತು. ಆದರೂ ಚಿಕ್ಕ ಹೋಟೆಲ್‌ಗಳಲ್ಲಿ ಪಾಸ್‌ಪೋರ್ಟ್ ಹೇಗೆ ದಾಖಲಿಸಬೇಕು ಅಂತ ಸಿಬ್ಬಂದಿಗೆ ಗೊತ್ತಿಲ್ಲದಿರಬಹುದು. ರಾತ್ರಿ ತಡವಾಗಿ ತಲುಪುವವರು ಹಿಂದಿನ ದಿನವೇ ಮೆಸೇಜ್ ಹಾಕಿ ಕೇಳಿಕೊಳ್ಳುವುದು ಒಳ್ಳೆಯದು.

ಹೋಟೆಲ್‌ಗಳಲ್ಲೇ ಇನ್ನೊಂದು ಬಗೆ ಇದೆ, ಅಪಾರ್ಟ್‌ಮೆಂಟ್ ಹೋಟೆಲ್. ಕೋಣೆಯೊಳಗೆ ಬಟ್ಟೆ ಒಗೆಯುವ ಮಷೀನ್, ಚಿಕ್ಕ ಫ್ರಿಜ್, ಒಂದು ಇಂಡಕ್ಷನ್ ಒಲೆ ಇರುತ್ತದೆ, ಕೆಳಗೆ ರಿಸೆಪ್ಷನ್ ಇರುತ್ತದೆ. ವಾರಕ್ಕೆ, ತಿಂಗಳಿಗೆ ಅಂತ ದರ ಕೇಳಿದರೆ ಇಳಿಸುತ್ತಾರೆ. ಸಸ್ಯಾಹಾರಿಗಳಿಗೆ ಮೂರು ವಾರದವರೆಗೆ ನಾನು ಇದನ್ನೇ ಹೇಳುವುದು. ಅಡುಗೆಯೂ ಆಗುತ್ತದೆ, ಠಾಣೆಗೆ ಹೋಗುವ ಕೆಲಸವೂ ಇರುವುದಿಲ್ಲ.

ಸರ್ವೀಸ್ ಅಪಾರ್ಟ್‌ಮೆಂಟ್

ಸಿಂಗಾಪುರ ಮೂಲದ ಆ್ಯಸ್ಕಾಟ್ ಕಂಪನಿಯ ಆ್ಯಸ್ಕಾಟ್, ಸಾಮರ್‌ಸೆಟ್, ಸಿಟಾಡೀನ್ಸ್ ಹೆಸರಿನ ಕಟ್ಟಡಗಳು ಚೀನಾದ ದೊಡ್ಡ ನಗರಗಳಲ್ಲೆಲ್ಲ ಇವೆ. ಪೂರ್ತಿ ಅಡುಗೆಮನೆ, ಪ್ರತ್ಯೇಕ ಮಲಗುವ ಕೋಣೆ, ಶುಚಿ ಮಾಡುವವರು, ಇಂಗ್ಲಿಷ್ ಮಾತಾಡುವ ಸಿಬ್ಬಂದಿ. ನೋಂದಣಿಯನ್ನು ಅವರೇ ಮಾಡುತ್ತಾರೆ. ವಿದ್ಯುತ್, ನೀರು, ಇಂಟರ್ನೆಟ್ ಬಾಡಿಗೆಯಲ್ಲೇ ಸೇರಿರುವುದು ಸಾಮಾನ್ಯ.

ಬೆಲೆ ಜಾಸ್ತಿ. ಅದೇ ಏರಿಯಾದ ಸಾಮಾನ್ಯ ಫ್ಲ್ಯಾಟ್‌ಗಿಂತ ತುಂಬಾ ಜಾಸ್ತಿ. ಆದರೆ ಕಂಪನಿ ದುಡ್ಡು ಕೊಡುವುದಾದರೆ ಬೇರೆ ಯೋಚನೆ ಮಾಡಬೇಡಿ. ಚೀನಾದಲ್ಲಿ ಖರ್ಚಿನ ಅಧಿಕೃತ ಬಿಲ್ಲಿಗೆ ಫಾಪ್ಯಾವ್ ಅನ್ನುತ್ತಾರೆ. ಸರ್ವೀಸ್ ಅಪಾರ್ಟ್‌ಮೆಂಟ್‌ನವರು ಕೇಳಿದ ಕೂಡಲೇ ಅದನ್ನು ಕೊಡುತ್ತಾರೆ, ಖಾಸಗಿ ಓನರ್‌ಗಳು ಅದರ ಹೆಸರೆತ್ತಿದರೆ ಹಿಂದೇಟು ಹಾಕುತ್ತಾರೆ. ಚಿಕ್ಕ ಮಕ್ಕಳಿರುವವರು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಕೂಡ ಸಾಧ್ಯವಾದರೆ ಇದನ್ನೇ ನೋಡಲಿ. ಮಧ್ಯರಾತ್ರಿ ಜ್ವರ ಬಂದರೆ ಕೆಳಗೆ ಒಬ್ಬರು ಇದ್ದಾರೆ ಅನ್ನುವ ಧೈರ್ಯ ಇರುತ್ತದೆ.

ಹೋಂಸ್ಟೇ ಮತ್ತು ದಿನದ ಬಾಡಿಗೆಯ ಫ್ಲ್ಯಾಟ್

ಬೇರೆ ದೇಶಗಳಲ್ಲಿ ಏರ್‌ಬಿಎನ್‌ಬಿ ಅಭ್ಯಾಸವಾದವರು ಚೀನಾಕ್ಕೂ ಅದನ್ನೇ ತೆರೆದು ನೋಡುತ್ತಾರೆ. 2022ರ ಜುಲೈ ಕೊನೆಯಲ್ಲಿ ಏರ್‌ಬಿಎನ್‌ಬಿ ಚೀನಾದೊಳಗಿನ ಮನೆಗಳನ್ನೆಲ್ಲ ತನ್ನ ಪಟ್ಟಿಯಿಂದ ತೆಗೆದುಹಾಕಿತು. ಈಗ ಆ ಜಾಗದಲ್ಲಿ ತೂಜ್ಯಾ, ಮೇತ್ವಾನ್‌ನಂಥ ಸ್ಥಳೀಯ ಆ್ಯಪ್‌ಗಳಿವೆ. ಅವುಗಳಲ್ಲಿ ಮನೆಗಳು ರಾಶಿ ರಾಶಿ, ದರವೂ ಕಡಿಮೆ. ಆದರೆ ಎಲ್ಲಾ ಚೀನಿ ಭಾಷೆಯಲ್ಲಿ. ಚೀನಾದ ಮೊಬೈಲ್ ನಂಬರ್ ಕೇಳುತ್ತವೆ, ಹಲವು ಸಲ ಚೀನಾದ ಗುರುತಿನ ಚೀಟಿಯನ್ನೇ ಕೇಳುತ್ತವೆ. ನಮಗೆ ಸುಲಭವಾಗುವುದು ಟ್ರಿಪ್ ಡಾಟ್ ಕಾಮ್. ಇಂಗ್ಲಿಷ್‌ನಲ್ಲಿದೆ, ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಬ್ಯಾಂಕ್ ಕಾರ್ಡ್ ತೆಗೆದುಕೊಳ್ಳುತ್ತದೆ, ಹೋಟೆಲ್ ಜೊತೆ ಅಪಾರ್ಟ್‌ಮೆಂಟ್‌ಗಳೂ ಇವೆ.

ಹೋಂಸ್ಟೇಯಲ್ಲಿ ನನಗೆ ಕಾಣುವ ದೊಡ್ಡ ತೊಂದರೆ ಮಧ್ಯದ ಸ್ಥಿತಿ. ಅದು ಹೋಟೆಲ್ಲೂ ಅಲ್ಲ, ಬಾಡಿಗೆ ಮನೆಯೂ ಅಲ್ಲ. ಹೋಟೆಲಿನ ಹಾಗೆ ಅವರೇ ನೋಂದಣಿ ಮಾಡುತ್ತಾರಾ, ನೀವೇ ಠಾಣೆಗೆ ಹೋಗಬೇಕಾ ಅನ್ನುವುದು ಮನೆಯಿಂದ ಮನೆಗೆ ಬದಲಾಗುತ್ತದೆ. ಎಷ್ಟೋ ಹೋಂಸ್ಟೇಗಳಲ್ಲಿ ಓನರ್‌ನ ಮುಖವೇ ಕಾಣುವುದಿಲ್ಲ. ಬಾಗಿಲಿಗೆ ನಂಬರ್ ಬೀಗ, ಸೂಚನೆಯೆಲ್ಲ ಮೆಸೇಜ್‌ನಲ್ಲಿ. ಅಂಥ ಕಡೆ ಠಾಣೆಯವರು ಹಕ್ಕುಪತ್ರದ ಪ್ರತಿ ತನ್ನಿ ಅಂದರೆ ಏನು ಮಾಡುತ್ತೀರಿ?

ಬೀಜಿಂಗ್‌ನಲ್ಲಿ ಇನ್ನೂ ಒಂದು ಕಟ್ಟುಪಾಡು ಇದೆ. 2021ರ ಫೆಬ್ರವರಿ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ನಗರದ ಮಧ್ಯದ ದೊಂಗ್‌ಚೆಂಗ್ ಮತ್ತು ಶೀಚೆಂಗ್ ಜಿಲ್ಲೆಗಳಲ್ಲಿ ವಾಸದ ಮನೆಗಳನ್ನು ದಿನದ ಬಾಡಿಗೆಗೆ ಕೊಡುವ ಹಾಗಿಲ್ಲ. ಅರಮನೆ, ತಿಯಾನನ್‌ಮೆನ್ ಚೌಕ ಎಲ್ಲಾ ಇರುವುದು ಈ ಭಾಗದಲ್ಲೇ. ಅಲ್ಲಿ ಅಗ್ಗದ ಫ್ಲ್ಯಾಟ್ ಒಂದು ದಿನದ ಲೆಕ್ಕದಲ್ಲಿ ಕಂಡರೆ ಅನುಮಾನ ಪಡಿ. ಆ ಎರಡು ಜಿಲ್ಲೆಗಳಲ್ಲಿ ಹೋಟೆಲ್ಲೇ ಸರಿ.

ಹೋಂಸ್ಟೇ ತೆಗೆದುಕೊಳ್ಳುವುದೇ ಆದರೆ ದುಡ್ಡು ಕಟ್ಟುವ ಮೊದಲು ಎರಡು ಪ್ರಶ್ನೆಗಳನ್ನು ಚೀನಿಗೆ ಅನುವಾದಿಸಿ ಕಳಿಸಿ. ಭಾರತದ ಪಾಸ್‌ಪೋರ್ಟ್ ಇರುವವರನ್ನು ಉಳಿಸಿಕೊಳ್ಳುತ್ತೀರಾ? ಪೊಲೀಸ್ ನೋಂದಣಿ ನೀವು ಮಾಡಿಸುತ್ತೀರಾ, ಇಲ್ಲವೇ ಕಾಗದ ಕೊಡುತ್ತೀರಾ? ಉತ್ತರ ಆ್ಯಪ್‌ನ ಚಾಟ್‌ನಲ್ಲೇ ಬರಲಿ, ಆಮೇಲೆ ತಕರಾರಾದರೆ ಅದೇ ಸಾಕ್ಷಿ. "ಅದೆಲ್ಲ ಏನೂ ಬೇಕಾಗಿಲ್ಲ, ಬನ್ನಿ" ಅನ್ನುವ ಉತ್ತರ ಬಂದರೆ ಮುಂದಿನ ಮನೆ ನೋಡಿ.

ತಿಂಗಳ ಬಾಡಿಗೆಯ ಮನೆ

ಮೂರು ತಿಂಗಳು ದಾಟುವವರಿಗೆ ಲೆಕ್ಕ ಬದಲಾಗುತ್ತದೆ. ದಿನದ ದರದ ಲೆಕ್ಕಕ್ಕಿಂತ ತಿಂಗಳ ಬಾಡಿಗೆ ಎಷ್ಟೋ ಪಾಲು ಕಡಿಮೆ. ಆದರೆ ಕೈಯಿಂದ ಮೊದಲೇ ಹೋಗುವ ಮೊತ್ತ ದೊಡ್ಡದು.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದವರಿಗೆ ಚೀನಾದ ಪದ್ಧತಿ ಹಗುರ ಅನಿಸುತ್ತದೆ. ಮನೆ ಬಿಡುವಾಗ ವಾಪಸ್ ಬರುವ ಅಡ್ವಾನ್ಸ್ ಒಂದು ತಿಂಗಳ ಬಾಡಿಗೆಯಷ್ಟು, ಅದರ ಜೊತೆ ಮೂರು ತಿಂಗಳ ಬಾಡಿಗೆಯನ್ನೇ ಮುಂಗಡವಾಗಿ ಕಟ್ಟಬೇಕು. ಇದಕ್ಕೆ ಅಲ್ಲಿ ಯಾ ಯೀ ಫೂ ಸಾನ್ ಅನ್ನುತ್ತಾರೆ, ಬ್ರೋಕರ್ ಬಾಯಲ್ಲಿ ಮೊದಲು ಬರುವ ಮಾತೇ ಇದು. ಒಂದು ಲೆಕ್ಕ ಹಾಕಿ ನೋಡೋಣ. ಬಾಡಿಗೆ ತಿಂಗಳಿಗೆ 5,000 ಯುವಾನ್ ಅಂದುಕೊಳ್ಳಿ. ಅಡ್ವಾನ್ಸ್ 5,000, ಮುಂಗಡ 15,000. ಬ್ರೋಕರ್ ಕಮಿಷನ್ ಬೀಜಿಂಗ್‌ನಲ್ಲಿ ಒಂದು ತಿಂಗಳ ಬಾಡಿಗೆಯವರೆಗೂ ಹೋಗಬಹುದು, ಅಷ್ಟು ಕೇಳಿದರೆ ಇನ್ನೊಂದು 5,000. ಶಾಂಘೈಯಲ್ಲಿ ಬಾಡಿಗೆದಾರರ ಪಾಲು ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯ ಶೇಕಡಾ 35, ಅಂದರೆ 1,750. ಬೀಜಿಂಗ್‌ನಲ್ಲಿ ಮೊದಲ ದಿನವೇ 25,000, ಶಾಂಘೈಯಲ್ಲಿ 21,750. ನೀವು ಉಳಿಯುವುದು ಮೂರೇ ತಿಂಗಳಾದರೆ ಕಮಿಷನ್ನನ್ನು ಮೂರರಿಂದ ಭಾಗಿಸಿ ಬಾಡಿಗೆಗೆ ಸೇರಿಸಿ. ಬೀಜಿಂಗ್‌ನ ಮನೆ ಆಗ ತಿಂಗಳಿಗೆ ಸುಮಾರು 6,670 ಬಿತ್ತು. ಈ ಸಂಖ್ಯೆಯನ್ನು ಅಪಾರ್ಟ್‌ಮೆಂಟ್ ಹೋಟೆಲಿನ ತಿಂಗಳ ದರದ ಪಕ್ಕ ಇಟ್ಟು ನೋಡಿದರೆ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ. ಬರೀ 5,000 ಇಟ್ಟುಕೊಂಡು ನೋಡಿದರೆ ಲೆಕ್ಕ ತಪ್ಪುತ್ತದೆ.

ಮನೆ ಹುಡುಕಲು ಲ್ಯಾನ್‌ಜ್ಯಾ, ಬೇಕೆ, ಝೀರೂ ದೊಡ್ಡ ಹೆಸರುಗಳು. ಮೊದಲ ಎರಡು ಬ್ರೋಕರ್ ಜಾಲಗಳು, ಝೀರೂ ತಾನೇ ಮನೆಗಳನ್ನು ಸಜ್ಜು ಮಾಡಿ ಬಾಡಿಗೆಗೆ ಕೊಡುವ ಕಂಪನಿ. ಓನರ್‌ಗಳಿಗೆ ಒಂದು ವರ್ಷದ ಕರಾರೇ ಇಷ್ಟ. ಆರು ತಿಂಗಳಿಗೆ ಕೆಲವರು ಒಪ್ಪುತ್ತಾರೆ, ಮೂರಕ್ಕೆ ಒಪ್ಪುವವರು ಕಡಿಮೆ. ಒಪ್ಪಿದವರು ಬಾಡಿಗೆ ಸ್ವಲ್ಪ ಏರಿಸುತ್ತಾರೆ. ಒಂದು ವರ್ಷಕ್ಕೆ ಸಹಿ ಹಾಕಿ ಮಧ್ಯದಲ್ಲಿ ಬಿಟ್ಟು ಹೋಗೋಣ ಅನ್ನುವ ಆಲೋಚನೆ ಬೇಡ. ಆಗ ಅಡ್ವಾನ್ಸ್ ಹೋಗುತ್ತದೆ ಅಂತ ಕರಾರಿನಲ್ಲೇ ಬರೆದಿರುತ್ತಾರೆ.

ಮುಂಗಡ ಮೂರು ತಿಂಗಳಿಗಿಂತ ಜಾಸ್ತಿ ಕೊಡಬೇಡಿ. ಆರು ತಿಂಗಳು, ಒಂದು ವರ್ಷ ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಕೊಡುತ್ತೇವೆ ಅನ್ನುವವರಿದ್ದಾರೆ. ಡಾನ್‌ಕೆ ಅನ್ನುವ ಬಾಡಿಗೆ ಕಂಪನಿ 2020ರ ಜನವರಿಯಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋಗಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಅದರ ಕೈಯಲ್ಲಿ ದುಡ್ಡೇ ಇರಲಿಲ್ಲ. ಬಾಡಿಗೆದಾರರು ತಿಂಗಳುಗಟ್ಟಲೆ ಮುಂಗಡ ಕೊಟ್ಟಿದ್ದರು, ಹಲವರು ಅದಕ್ಕಾಗಿ ಸಾಲವನ್ನೂ ಮಾಡಿದ್ದರು. ಕಂಪನಿ ಓನರ್‌ಗಳಿಗೆ ಕೊಡಬೇಕಾದ್ದನ್ನು ಕೊಡಲಿಲ್ಲ. ಓನರ್‌ಗಳು ಬಂದು ಬಾಡಿಗೆದಾರರನ್ನು ಹೊರಗೆ ಹಾಕಿದರು. ಹೊಸ ಪದವೀಧರರು, ತಿಂಗಳ ಸಂಬಳದವರು ಚಳಿಗಾಲದಲ್ಲಿ ಸಾಮಾನು ಹಿಡಿದು ಬೀದಿಗೆ ಬಂದರು. ಭಾಷೆ ಬಲ್ಲ ಆ ದೇಶದವರಿಗೇ ಹೀಗಾಯಿತು ಅನ್ನುವುದನ್ನು ಮನಸ್ಸಿನಲ್ಲಿಡಿ.

ಒಳ್ಳೆಯ ಸುದ್ದಿಯೂ ಇದೆ. 2025ರ ಸೆಪ್ಟೆಂಬರ್ 15ರಿಂದ ಮನೆ ಬಾಡಿಗೆಗೆಂದೇ ರಾಷ್ಟ್ರ ಮಟ್ಟದ ಹೊಸ ನಿಯಮಾವಳಿ ಬಂದಿದೆ. ಅಡ್ವಾನ್ಸ್ ಎಷ್ಟು, ಯಾವಾಗ ವಾಪಸ್, ಯಾವ ಕಾರಣಕ್ಕೆ ಹಿಡಿದುಕೊಳ್ಳಬಹುದು ಅನ್ನುವುದು ಕರಾರಿನಲ್ಲಿ ಇರಬೇಕು. ಕಾರಣವಿಲ್ಲದೆ ಕಳೆಯುವ ಹಾಗಿಲ್ಲ. ಅಡುಗೆಮನೆ, ಬಚ್ಚಲು, ಬಾಲ್ಕನಿಯನ್ನು ಮಲಗುವ ಜಾಗ ಅಂತ ಬಾಡಿಗೆಗೆ ಕೊಡುವ ಹಾಗಿಲ್ಲ. ಬ್ರೋಕರ್ ಜೊತೆ ಮಾತಾಡುವಾಗ ಈ ನಿಯಮ ಗೊತ್ತಿದೆ ಅಂತ ತೋರಿಸಿ, ಮಾತಿನ ಧಾಟಿಯೇ ಬದಲಾಗುತ್ತದೆ.

ಇನ್ನೊಬ್ಬರ ಮನೆಯಲ್ಲಿ ಒಳಬಾಡಿಗೆ

ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋಗುವಾಗ, ಕೆಲಸದವರು ಬೇರೆ ಊರಿಗೆ ವರ್ಗವಾದಾಗ ಉಳಿದ ತಿಂಗಳುಗಳಿಗೆ ಕೋಣೆ ಬಿಟ್ಟುಕೊಡುತ್ತಾರೆ. ನಮ್ಮ ವಾಟ್ಸಾಪ್‌ನಂಥ ವೀಚಾಟ್ ಆ್ಯಪ್‌ನ ಗುಂಪುಗಳಲ್ಲಿ, ಶ್ಯಾವ್‌ಹೊಂಗ್‌ಶು ಆ್ಯಪ್‌ನಲ್ಲಿ ಇಂಥವು ದಿನವೂ ಬರುತ್ತವೆ. ಒಂದೆರಡು ತಿಂಗಳಿಗೆ ಇದು ಎಲ್ಲಕ್ಕಿಂತ ಅಗ್ಗ. ಬ್ರೋಕರ್ ಇಲ್ಲ, ಪಾತ್ರೆ ಪಗಡ ಎಲ್ಲಾ ಅಲ್ಲೇ ಇರುತ್ತದೆ.

ಚೀನಾದ ನಾಗರಿಕ ಸಂಹಿತೆಯ ಪ್ರಕಾರ ಒಳಬಾಡಿಗೆಗೆ ಓನರ್ ಒಪ್ಪಿಗೆ ಬೇಕು. ನಮಗಂತೂ ಎರಡು ಪಟ್ಟು ಬೇಕು, ಯಾಕೆಂದರೆ ಓನರ್‌ನ ಕಾಗದವಿಲ್ಲದೆ ಠಾಣೆಯಲ್ಲಿ ಕೆಲಸ ಆಗುವುದಿಲ್ಲ. ಕೋಣೆ ಬಿಡುತ್ತಿರುವವರು ನಮ್ಮ ದೇಶದವರೇ ಆಗಿರಬಹುದು, ಕನ್ನಡದವರೇ ಆಗಿರಬಹುದು. ಆದರೂ ಓನರ್ ಜೊತೆ ಒಂದು ಕಾಲ್ ಮಾಡಿಸಿ, ಒಪ್ಪಿಗೆಯನ್ನು ಚಾಟ್‌ನಲ್ಲಿ ಬರೆಸಿಕೊಳ್ಳಿ. ಓನರ್‌ಗೆ ಹೇಳುವುದು ಬೇಡ, ಸುಮ್ನೆ ಇದ್ದುಬಿಡಿ ಅಂದರೆ ಅಲ್ಲಿಗೆ ಬಿಡಿ. ಮನೆ ನೋಡುವ ಮೊದಲೇ ಬುಕಿಂಗ್ ಹಣ ಕೇಳುವವರಿಗೆ ಒಂದು ಯುವಾನ್ ಕೂಡ ಕೊಡಬೇಡಿ.

ದುಡ್ಡು ಕೊಡುವುದು ಹೇಗೆ

ಇದು ಯಾರೂ ಮೊದಲೇ ಹೇಳದ ತಾಪತ್ರಯ. ಅಲ್ಲಿ ಮೊಬೈಲ್‌ನಲ್ಲಿ ದುಡ್ಡು ಕೊಡುವ ಆ್ಯಪ್‌ಗಳಾದ ಅಲಿಪೇ, ವೀಚಾಟ್ ಪೇ ಎರಡಕ್ಕೂ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಜೋಡಿಸಬಹುದು. 2024ರಲ್ಲಿ ಒಂದು ಸಲದ ಪಾವತಿಯ ಮಿತಿಯನ್ನು 1,000ದಿಂದ 5,000 ಡಾಲರ್‌ಗೆ, ವರ್ಷದ ಮಿತಿಯನ್ನು 10,000ದಿಂದ 50,000 ಡಾಲರ್‌ಗೆ ಏರಿಸಿದರು. 200 ಯುವಾನ್ ಮೀರಿದ ಪಾವತಿಗೆ ಶೇಕಡಾ 3 ಶುಲ್ಕ ಬೀಳುತ್ತದೆ. ಅಂಗಡಿ, ಹೋಟೆಲ್, ಮೆಟ್ರೋ ಎಲ್ಲಾ ನಡೆಯುತ್ತದೆ.

ಆದರೆ ಹೀಗೆ ವಿದೇಶಿ ಕಾರ್ಡ್ ಜೋಡಿಸಿದ ಖಾತೆಯಿಂದ ಇನ್ನೊಬ್ಬ ವ್ಯಕ್ತಿಗೆ ನೇರವಾಗಿ ಹಣ ಕಳಿಸುವುದು ಸಾಮಾನ್ಯವಾಗಿ ಆಗುವುದಿಲ್ಲ. ಖಾಸಗಿ ಓನರ್ ಕೇಳುವುದು ಅದನ್ನೇ. ಪ್ರವಾಸಿ ವೀಸಾದಲ್ಲಿ ಅಲ್ಲಿ ಬ್ಯಾಂಕ್ ಖಾತೆ ತೆರೆಯುವುದೂ ಕಷ್ಟ. ಹಾಗಾಗಿ ನಗದು ಕೊಟ್ಟು ರಸೀದಿ ಬರೆಸಿಕೊಳ್ಳಬೇಕು, ಇಲ್ಲವೇ ಕಂಪನಿ ಮೂಲಕ ಕೊಡಿಸಬೇಕು. ರಸೀದಿಯಲ್ಲಿ ಮನೆಯ ಪೂರ್ತಿ ವಿಳಾಸ, ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅನ್ನುವುದು ಬೇರೆ ಬೇರೆಯಾಗಿ ಇರಲಿ. ಹಣ ತೆಗೆದುಕೊಳ್ಳುವವರ ಹೆಸರು ಹಕ್ಕುಪತ್ರದಲ್ಲಿರುವ ಹೆಸರೇನಾ ಅಂತ ನೋಡಿ. ಈ ಒಂದು ವಿಷಯದಲ್ಲಿ ಸರ್ವೀಸ್ ಅಪಾರ್ಟ್‌ಮೆಂಟ್, ಅಪಾರ್ಟ್‌ಮೆಂಟ್ ಹೋಟೆಲ್‌ಗಳು ಉಳಿದವನ್ನೆಲ್ಲ ಹಿಂದೆ ಹಾಕುತ್ತವೆ. ಅಲ್ಲಿ ಕಾರ್ಡ್ ಉಜ್ಜಿದರೆ ಮುಗಿಯಿತು.

ಊರಿಂದ ಊರಿಗೆ

ಗುವಾಂಗ್‌ಝೌದ ಕ್ಯಾಂಟನ್ ಮೇಳ 1957ರಿಂದ ನಡೆಯುತ್ತಿದೆ. ವರ್ಷಕ್ಕೆರಡು ಸಲ, ಏಪ್ರಿಲ್ ಮಧ್ಯದಿಂದ ಒಮ್ಮೆ, ಅಕ್ಟೋಬರ್ ಮಧ್ಯದಿಂದ ಇನ್ನೊಮ್ಮೆ, ಮೂರು ಹಂತಗಳಲ್ಲಿ. ಆ ದಿನಗಳಲ್ಲಿ ಮೇಳ ನಡೆಯುವ ಪಾಝೌ ಸುತ್ತಮುತ್ತ ಕೋಣೆಗಳ ದರ ಏರಿಬಿಡುತ್ತದೆ. ಒಂದೇ ಹಂತಕ್ಕೆ ಹೋಗುವವರು ಮೆಟ್ರೋದ 8ನೇ ಮಾರ್ಗದ ಮೇಲೆ ಸ್ವಲ್ಪ ದೂರದಲ್ಲಿ ಹೋಟೆಲ್ ಹಿಡಿಯುವುದು ಜಾಣತನ. ಮೇಳ ಮುಗಿಸಿ ಫೋಶಾನ್‌ನಲ್ಲಿ ಟೈಲ್ಸ್, ಫರ್ನಿಚರ್ ನೋಡಲು ಎರಡು ಮೂರು ವಾರ ಉಳಿಯುವವರು ಫೋಶಾನ್ ಕಡೆಯೇ ಅಪಾರ್ಟ್‌ಮೆಂಟ್ ಹೋಟೆಲ್ ನೋಡಲಿ. ಎರಡೂ ಊರುಗಳ ನಡುವೆ ಮೆಟ್ರೋ ಇದೆ.

ಝೆಜಿಯಾಂಗ್ ಪ್ರಾಂತ್ಯದ ಯಿವುದಲ್ಲಿ ಸಗಟು ಮಾರುಕಟ್ಟೆಯೊಂದರಲ್ಲೇ ಸುಮಾರು 75,000 ಅಂಗಡಿಗಳು. ಶಾವ್‌ಶಿಂಗ್‌ನ ಕೆಚ್ಯಾವ್ ಬಟ್ಟೆಯ ಪೇಟೆ. ಎರಡೂ ಕಡೆ ಭಾರತದ ವ್ಯಾಪಾರಿಗಳು ವರ್ಷಗಳಿಂದ ಇದ್ದಾರೆ. ಅಲ್ಲಿನ ಓನರ್‌ಗಳಿಗೂ ಠಾಣೆಯವರಿಗೂ ನಮ್ಮ ಪಾಸ್‌ಪೋರ್ಟ್ ಹೊಸದಲ್ಲ. ಚಿಕ್ಕ ಊರಾದರೂ ಖಾಸಗಿ ಮನೆ ಹಿಡಿಯುವ ಧೈರ್ಯ ಮಾಡಬಹುದಾದ ಜಾಗಗಳು ಅಂದರೆ ನನಗೆ ಇವೇ.

ಶೆನ್‌ಝೆನ್‌ನಲ್ಲಿ ನಗರದೊಳಗೇ ಉಳಿದುಕೊಂಡ ಹಳ್ಳಿಗಳಿವೆ. ಕಟ್ಟಡಕ್ಕೆ ಕಟ್ಟಡ ಅಂಟಿಕೊಂಡಿರುತ್ತದೆ, ಬೆಳಕು ಕಡಿಮೆ, ಬಾಡಿಗೆಯೂ ಕಡಿಮೆ. ತಿಂಗಳ ಲೆಕ್ಕದಲ್ಲಿ ಕೊಡುವವರು ಸಿಗುತ್ತಾರೆ. ಅಲ್ಲಿನ ಎಷ್ಟೋ ಕಟ್ಟಡಗಳಿಗೆ ಸರಿಯಾದ ಹಕ್ಕುಪತ್ರ ಇರುವುದಿಲ್ಲ. ಮೊದಲು ಠಾಣೆಗೆ ಹೋಗಿ ವಿಳಾಸ ತೋರಿಸಿ, ನೋಂದಣಿ ಆಗುತ್ತದೆ ಅಂದ ಮೇಲೆ ಹಣ ಕೊಡಿ.

ಮನೆಯೊಳಗೆ ಕಾಲಿಟ್ಟಾಗ

ಜಾಹೀರಾತಿನಲ್ಲಿ 40 ಚದರ ಮೀಟರ್ ಅಂದರೆ ಸುಮಾರು 430 ಚದರ ಅಡಿ. ಆದರೆ ಅದರಲ್ಲಿ ಮೆಟ್ಟಿಲು, ಲಿಫ್ಟ್‌ನ ಪಾಲೂ ಸೇರಿರುತ್ತದೆ, ನಮ್ಮ ಸೂಪರ್ ಬಿಲ್ಟ್ ಅಪ್ ಹಾಗೇನೇ. ಮಹಡಿಯ ಎಣಿಕೆ ನೆಲಮಟ್ಟದಿಂದಲೇ 1 ಅಂತ ಶುರು. ಹಳೆಯ ಕಟ್ಟಡಗಳು ಆರು ಮಹಡಿ ಇದ್ದರೂ ಲಿಫ್ಟ್ ಇರುವುದಿಲ್ಲ, ಮಂಡಿ ನೋವಿರುವವರು ಇದನ್ನು ಮೊದಲೇ ಕೇಳಿ.

ಬೀಜಿಂಗ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಮನೆಗಳಿಗೆ ಸಾಮೂಹಿಕವಾಗಿ ಬಿಸಿ ಹಾಯಿಸುತ್ತಾರೆ. ಆ ಶುಲ್ಕ ಯಾರದ್ದು ಅಂತ ಕರಾರಿನಲ್ಲಿ ಬರೆಸಿ. ಶಾಂಘೈಯಲ್ಲಿ ಆ ವ್ಯವಸ್ಥೆಯೇ ಇಲ್ಲ. ಜನವರಿಯಲ್ಲಿ ಹೋಗುವ ಮೈಸೂರು, ಮಂಗಳೂರಿನವರಿಗೆ ಬೀಜಿಂಗ್ ಮನೆಗಿಂತ ಶಾಂಘೈ ಮನೆಯೊಳಗೇ ಚಳಿ ಜಾಸ್ತಿ ಅನಿಸಬಹುದು. ಎಸಿಯಲ್ಲಿ ಬಿಸಿಗಾಳಿ ಬರುತ್ತದಾ ಅಂತ ಹಾಕಿ ನೋಡಿ. ಕೆಲವು ಕಟ್ಟಡಗಳಿಗೆ ವಾಣಿಜ್ಯ ದರದ ವಿದ್ಯುತ್ ಇರುತ್ತದೆ, ಹೊಸದಾಗಿ ಹೊಳೆಯುವ ಚಿಕ್ಕ ಫ್ಲ್ಯಾಟ್‌ಗಳಲ್ಲಿ ಇದು ಹೆಚ್ಚು. ಯೂನಿಟ್‌ಗೆ ಎಷ್ಟು ಅಂತ ಕೇಳಿ. ಶಾಂಘೈಯಲ್ಲಿ 2019ರ ಜುಲೈ 1ರಿಂದ ಕಸವನ್ನು ನಾಲ್ಕು ಬಗೆಯಾಗಿ ವಿಂಗಡಿಸಲೇಬೇಕು, ತಪ್ಪಿದರೆ 50ರಿಂದ 200 ಯುವಾನ್ ದಂಡ. ಡಬ್ಬಿ ಎಲ್ಲಿದೆ, ಯಾವ ಹೊತ್ತಿಗೆ ತೆರೆದಿರುತ್ತದೆ ಅಂತ ಕಾವಲಿನವರನ್ನು ಕೇಳಿಟ್ಟುಕೊಳ್ಳಿ.

ಅಡುಗೆಮನೆ ಇದೆ ಅನ್ನುವ ಒಂದು ಮಾತನ್ನು ನಂಬಬೇಡಿ. ಒಲೆ ಗ್ಯಾಸಿನದ್ದಾ ಇಂಡಕ್ಷನ್ನಾ? ಇಂಡಕ್ಷನ್ ಆದರೆ ಊರಿಂದ ತರುವ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕೂಗುವುದಿಲ್ಲ, ಇಂಡಕ್ಷನ್‌ಗೆ ಹೊಂದುವ ತಳ ಇರಬೇಕು. ಮಿಕ್ಸಿ ಒಯ್ದರೆ ವೋಲ್ಟೇಜ್ ತೊಂದರೆ ಇಲ್ಲ, ಅಲ್ಲಿಯೂ 220 ವೋಲ್ಟ್. ಆದರೆ ನಮ್ಮ ದಪ್ಪ ಮೂರು ಪಿನ್ ಅಲ್ಲಿನ ಸಾಕೆಟ್‌ಗೆ ಹೋಗುವುದಿಲ್ಲ, ಅಡಾಪ್ಟರ್ ಇರಲಿ. ಒಗ್ಗರಣೆ ಹಾಕುವವರು ಎಕ್ಸಾಸ್ಟ್ ಫ್ಯಾನ್ ನೋಡಲೇಬೇಕು. ಚಿಕ್ಕ ಫ್ಲ್ಯಾಟ್‌ನಲ್ಲಿ ಸಾಸಿವೆ, ಮೆಣಸಿನಕಾಯಿ ಹೊಗೆ ಹಾಸಿಗೆಯವರೆಗೆ ಹೋಗುತ್ತದೆ.

ಬೀಗದ ಕೈ ಪಡೆದ ದಿನ ವಿದ್ಯುತ್, ನೀರು, ಗ್ಯಾಸ್ ಮೀಟರ್‌ಗಳ ಫೋಟೋ ತೆಗೆಯಿರಿ. ಗೋಡೆಯ ಕಲೆ, ಸೋಫಾದ ಹರಿದ ಜಾಗ, ಬಾಗಿಲ ಗೀರು ಎಲ್ಲವನ್ನೂ ವಿಡಿಯೋ ಮಾಡಿ ಓನರ್‌ಗೆ ಅವತ್ತೇ ವೀಚಾಟ್‌ನಲ್ಲಿ ಕಳಿಸಿ. ಮುಂದೆ ಅಡ್ವಾನ್ಸ್ ಬಗ್ಗೆ ಮಾತು ಬಂದಾಗ ತಾರೀಖು ಸಮೇತ ಅದು ಅಲ್ಲಿರುತ್ತದೆ.

ನನ್ನ ಆಯ್ಕೆ ಕೇಳಿದರೆ

ಎರಡು ವಾರದವರೆಗೆ ಹೋಟೆಲ್. ಎರಡರಿಂದ ಎಂಟು ವಾರಕ್ಕೆ, ಸ್ವಂತ ದುಡ್ಡಾದರೆ ಅಪಾರ್ಟ್‌ಮೆಂಟ್ ಹೋಟೆಲ್, ಕಂಪನಿ ದುಡ್ಡಾದರೆ ಸರ್ವೀಸ್ ಅಪಾರ್ಟ್‌ಮೆಂಟ್. ಹೋಂಸ್ಟೇಯನ್ನು ಬೆಟ್ಟದ ಊರು, ಹಳೆಯ ಪಟ್ಟಣ ನೋಡಲು ಹೋದಾಗ ಎರಡು ಮೂರು ರಾತ್ರಿಗೆ ಇಟ್ಟುಕೊಳ್ಳುತ್ತೇನೆ, ಅದೂ ನೋಂದಣಿಯ ಉತ್ತರ ಸಿಕ್ಕ ಮೇಲೆ. ಚೀನಿ ಭಾಷೆ ಬಲ್ಲ ಒಬ್ಬ ಸ್ನೇಹಿತರು ಜೊತೆಗಿದ್ದರೆ ಒಳಬಾಡಿಗೆ, ಇಲ್ಲದಿದ್ದರೆ ಬೇಡ. ಮೂರು ತಿಂಗಳು ದಾಟಿದರೆ ಖಾಸಗಿ ಮನೆ, ಆದರೆ ಇಲ್ಲಿಂದಲೇ ಫೋಟೋ ನೋಡಿ ಹಣ ಕಳಿಸುವುದಿಲ್ಲ. ಮೊದಲ ವಾರ ಹೋಟೆಲ್‌ನಲ್ಲಿದ್ದು, ಮನೆಯನ್ನು ಕಣ್ಣಾರೆ ನೋಡಿ, ಠಾಣೆಯಲ್ಲಿ ಕೇಳಿ, ಆಮೇಲೆ ಸಹಿ. ವಿದ್ಯಾರ್ಥಿಗಳು ಹೊರಗೆ ಮನೆ ಮಾಡುವ ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅನುಮತಿ ಕೇಳಲೇಬೇಕು.

ಚೀನೀ ಹೊಸ ವರ್ಷ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಮನೆ ಹುಡುಕುವ ಪ್ರಯತ್ನವನ್ನೇ ಮಾಡಬೇಡಿ. ಬ್ರೋಕರ್‌ಗಳು ಊರಿಗೆ ಹೋಗಿರುತ್ತಾರೆ, ಹೋಟೆಲ್ ದರ ಏರಿರುತ್ತದೆ.

ವಾಪಸ್ ಬರುವ ಟಿಕೆಟ್ ಮಾಡುವಾಗ ಮನೆ ಖಾಲಿ ಮಾಡುವ ದಿನಕ್ಕೂ ವಿಮಾನಕ್ಕೂ ಎರಡು ದಿನ ಅಂತರ ಬಿಡಿ, ಆ ಎರಡು ರಾತ್ರಿಗೆ ಹೋಟೆಲ್ ಇರಲಿ. ಓನರ್ ಬಂದು ಮನೆ ನೋಡಬೇಕು, ಕೊನೆಯ ವಿದ್ಯುತ್ ಬಿಲ್ ಲೆಕ್ಕ ಆಗಬೇಕು. ಅಡ್ವಾನ್ಸನ್ನು ವೀಚಾಟ್‌ಗೆ ಹಾಕುತ್ತೇನೆ ಅಂತ ಓನರ್ ಅಂದರೆ ಆ ಹಣವನ್ನು ನಮ್ಮ ಭಾರತದ ಕಾರ್ಡ್‌ಗೆ ವಾಪಸ್ ತರುವುದು ಆಗುವುದಿಲ್ಲ. ಅಡ್ವಾನ್ಸ್ ನಗದಾಗಿಯೇ ವಾಪಸ್ ಕೊಡುತ್ತೇನೆ ಅಂತ ಕರಾರಿಗೆ ಸಹಿ ಹಾಕುವ ದಿನವೇ ಬರೆಸಿಕೊಂಡಿರಿ.